ನಮ್ಮಂಥ ಸಣ್ಣ ಊರಿನ ಕಾಲೇಜಿನವರಿಗೆ ಐಐಎಸ್ಸಿಯ ನ್ಯಾನೋ ಕೇಂದ್ರದ ಬಾಗಿಲು ತೆರೆದಿದೆಯಾ?

ಪಾವಗಡದ ಫಿಸಿಕ್ಸ್ ಮೇಡಂ

ಎಲ್ಲರಿಗೂ ನಮಸ್ಕಾರ. ಪಾವಗಡ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಮಕ್ಕಳು ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಇರುತ್ತಾರೆ. ಈಗ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆದರೆ ಒಳಗಿನ ಮೆಂಬ್ರೇನ್ (ನೀರು ಸೋಸುವ ಪದರ) ಹಳೆಯದಾದ ಮೇಲೆ ಆ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಯಾರು ನೋಡುತ್ತಾರೆ? ಕೆಲವರು ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ. ಅದು ನೀರಿನಲ್ಲಿ ಒಟ್ಟು ಲವಣ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ ಅಷ್ಟೇ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಈಗ ಎಂ.ಎಸ್ಸಿ ಮಾಡುತ್ತಿದ್ದಾನೆ. "ಮೇಡಂ, ಫ್ಲೋರೈಡನ್ನು ಮಾತ್ರ ಅಳೆಯುವ ಒಂದು ಸಣ್ಣ ಚಿಪ್ ಮಾಡೋಕೆ ಆಗಲ್ವಾ" ಅಂತ ಕೇಳಿದ. ಬೆಂಗಳೂರಿನ ಐಐಎಸ್ಸಿಯಲ್ಲಿ ಸೆನ್ಸ್ ಅನ್ನೋ ನ್ಯಾನೋ ಕೇಂದ್ರ (ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳ ಕೆಲಸ ಮಾಡುವ ಜಾಗ) ಇದೆ, ಅಲ್ಲಿ ಇಂಥ ಕೆಲಸ ಆಗುತ್ತದೆ ಅಂತ ಎಲ್ಲೋ ಓದಿಕೊಂಡು ಬಂದಿದ್ದಾನೆ. ನಮ್ಮ ಕೈಯಲ್ಲಿ ಪ್ರಾಜೆಕ್ಟ್ ದುಡ್ಡಿಲ್ಲ. ಪರಿಚಯದವರೂ ಇಲ್ಲ. ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ಒಳಗೆ ಹೋದರೂ ಈ ಕೆಲಸ ಅಲ್ಲಿ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೆ ಯೂಸರ್

ಮೇಡಂ, ಬಿಡುತ್ತಾರೆ. ಧೈರ್ಯವಾಗಿ ಅರ್ಜಿ ಹಾಕಿ. ನಾನೂ ಹಾಸನ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಹೋದವನು. ನಮ್ಮ ಲ್ಯಾಬಿನಲ್ಲಿ ಇದ್ದದ್ದು ಒಂದು ಓವನ್ನು, ಒಂದು ಮಲ್ಟಿಮೀಟರು.

2006 ರಲ್ಲಿ ಕೇಂದ್ರ ಸರ್ಕಾರ ಐಐಎಸ್ಸಿ ಮತ್ತು ಐಐಟಿ ಬಾಂಬೆ ಎರಡಕ್ಕೂ ಸೇರಿಸಿ ನ್ಯಾನೋ ಎಲೆಕ್ಟ್ರಾನಿಕ್ಸ್ ಕೇಂದ್ರಗಳಿಗೆ ಹಣ ಕೊಟ್ಟಿತು. 2008 ರಲ್ಲಿ ಅದರ ಜೊತೆಗೇ ಐಎನ್‌ಯುಪಿ ಅನ್ನೋ ಯೋಜನೆ ಬಂತು. ದೇಶದ ಯಾವುದೇ ಕಾಲೇಜು, ವಿಶ್ವವಿದ್ಯಾಲಯದವರು ಬಂದು ಈ ಸೌಲಭ್ಯ ಬಳಸಲಿ ಅನ್ನೋದೇ ಅದರ ಉದ್ದೇಶ. 2010 ರಲ್ಲಿ ಸೆನ್ಸ್ ಐಐಎಸ್ಸಿಯ ಪ್ರತ್ಯೇಕ ವಿಭಾಗವೇ ಆಯಿತು. ಈಗ ಐಎನ್‌ಯುಪಿಯ ಮುಂದಿನ ಹಂತ ನಡೆಯುತ್ತಿದೆ. ಅದರಲ್ಲಿ ಬೇರೆ ಐಐಟಿಗಳೂ ಸೇರಿವೆ.

ಹಂತ ಹೀಗೆ. ಮೊದಲು ಪರಿಚಯದ ಕಾರ್ಯಾಗಾರ. ಆಮೇಲೆ ಕೈಯಾರೆ ಕೆಲಸ ಕಲಿಸುವ ತರಬೇತಿ. ಅಲ್ಲಿ ನೀವೇ ಮೈ ಪೂರ್ತಿ ಮುಚ್ಚುವ ಗೌನ್ ಹಾಕಿಕೊಂಡು ಒಳಗೆ ಹೋಗಿ ಒಂದು ಸಣ್ಣ ಸಾಧನ ಮಾಡುತ್ತೀರಿ. ಅದಾದ ಮೇಲೆ ನಿಮ್ಮದೇ ಯೋಚನೆ ಬರೆದು ಪ್ರಸ್ತಾವ ಕೊಡಬಹುದು. ಅದು ಒಪ್ಪಿಗೆಯಾದರೆ ಆ ಕೆಲಸಕ್ಕೆ ಉಪಕರಣ ಬಳಸುವ ಖರ್ಚನ್ನು ಯೋಜನೆ ನೋಡಿಕೊಳ್ಳುತ್ತದೆ. ಈಗಿನ ನಿಯಮಗಳನ್ನು ಅವರ ಜಾಲತಾಣದಲ್ಲೇ ಒಮ್ಮೆ ಓದಿಕೊಳ್ಳಿ.

ಇನ್ನೊಂದು ಮಾತು. ಐ-ಸ್ಟೆಮ್ ಅಂತ ಒಂದು ಪೋರ್ಟಲ್ ಇದೆ. 2020 ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಶುರುವಾಗಿದ್ದು. ಸರ್ಕಾರಿ ದುಡ್ಡಿನಲ್ಲಿ ಕೊಂಡ ಯಾವ ಉಪಕರಣ ದೇಶದಲ್ಲಿ ಎಲ್ಲಿದೆ ಅಂತ ಅದರಲ್ಲಿ ಹುಡುಕಬಹುದು, ಸಮಯವನ್ನೂ ಕಾಯ್ದಿರಿಸಬಹುದು. ನಿಮ್ಮ ಹುಡುಗನಿಗೆ ಅದನ್ನು ತೋರಿಸಿ.

ಬಯಲುಸೀಮೆ ಕೆಮಿಸ್ಟ್

ಎಲ್ಲಾ ಸರಿ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. 2007 ರಲ್ಲಿ ನ್ಯಾನೋ ಮಿಷನ್ ಅಂತ 1,000 ಕೋಟಿ ರೂಪಾಯಿ ತೆಗೆದಿಟ್ಟರು. ಅದರಿಂದ ನಮ್ಮ ಜಿಲ್ಲೆಗಳಿಗೆ ಏನು ಬಂತು? ನಾನು ಪಿಎಚ್‌ಡಿ ಮಾಡಿದ ಜಾಗದ ಹೆಸರು ಬೇಡ. ಅಲ್ಲಿ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಎಎಂಸಿಗೆ (ವರ್ಷದ ನಿರ್ವಹಣೆ ಒಪ್ಪಂದಕ್ಕೆ) ದುಡ್ಡಿಲ್ಲ, ರಿಪೇರಿ ಮಾಡುವವರಿಲ್ಲ. ಸ್ಯಾಂಪಲ್ ಹಿಡಿದುಕೊಂಡು ಊರೂರು ಅಲೆದಿದ್ದೇನೆ. ದೊಡ್ಡದೆಲ್ಲ ಬೆಂಗಳೂರಿಗೆ, ನಮಗೆ ಬಸ್ ಟಿಕೆಟ್ಟು. ಇದು ನ್ಯಾಯ ಅಲ್ಲ.

ಮತ್ತೆ ಈ ನ್ಯಾನೋ ಹೆಸರಲ್ಲಿ ನಡೆಯುತ್ತಿರುವುದನ್ನೂ ನೋಡಿ. ಬೇವಿನ ಎಲೆ ಅರೆದು ಸಿಲ್ವರ್ ನೈಟ್ರೇಟಿಗೆ ಹಾಕಿ, ಬಣ್ಣ ಕಂದಾದ ತಕ್ಷಣ ಬೆಳ್ಳಿಯ ನ್ಯಾನೋ ಕಣ ಬಂತು ಅಂತ ಒಂದು ಸಂಶೋಧನಾ ಪೇಪರ್. ನಾಳೆ ತುಳಸಿ, ನಾಡಿದ್ದು ನುಗ್ಗೆ. ಎಲೆ ಮಾತ್ರ ಬೇರೆ, ಉಳಿದದ್ದೆಲ್ಲ ಅದೇ. ಇದರಿಂದ ಪಾವಗಡದ ನೀರು ಸರಿಯಾಗುತ್ತದಾ?

ಹಳದಿ ದೀಪ

ಬಯಲುಸೀಮೆ ಸರ್ ಹೇಳಿದ ಎರಡನೇ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾನು ಇಂಥದ್ದೇ ಒಂದು ಕ್ಲೀನ್‌ರೂಮಿನಲ್ಲಿ (ಚಿಪ್ ಮಾಡುವ, ಧೂಳು ಬಹಳ ಕಡಿಮೆ ಇರುವ ಕೋಣೆ) ಪ್ರೋಸೆಸ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಹೊರಗಿನಿಂದ ಬರುವ ಬಹಳ ಜನ ಒಂದು ಡಬ್ಬಿಯಲ್ಲಿ ಪುಡಿ ತರುತ್ತಾರೆ. "ಎಸ್‌ಇಎಂ, ಟಿಇಎಂ, ಎಕ್ಸ್‌ಆರ್‌ಡಿ, ರಾಮನ್, ಇರುವ ಪರೀಕ್ಷೆ ಎಲ್ಲಾ ಮಾಡಿಕೊಡಿ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಚಿತ್ರ ಬೇಕು, ಪೇಪರಿಗೆ ಹಾಕಬೇಕು. ಮೇಡಂ ಅವರ ವಿದ್ಯಾರ್ಥಿ ಹಾಗಲ್ಲ. ಅವನ ಹತ್ತಿರ ಸ್ಯಾಂಪಲ್ ಇಲ್ಲ, ಪ್ರಶ್ನೆ ಇದೆ. ಪ್ರಶ್ನೆ ಇಟ್ಟುಕೊಂಡು ಬರುವವರು ಬಂದರೆ ನಮ್ಮಂಥವರಿಗೆ ಎಷ್ಟು ಖುಷಿ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

ಮೊದಲನೇ ಮಾತಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಇಂಥ ಜಾಗ ಯಾಕೆ ಒಂದೇ ಕಡೆ ಇರುತ್ತದೆ ಅಂತ ತಿಳಿಯಬೇಕಾದರೆ ಅದರ ಒಳಗೆ ಏನಿದೆ ಅಂತ ಗೊತ್ತಾಗಬೇಕು.

ಸೆನ್ಸ್‌ನ ಕ್ಲೀನ್‌ರೂಮ್ ಸುಮಾರು 14 ಸಾವಿರ ಚದರ ಅಡಿ. ಅದರಲ್ಲಿ ಕ್ಲಾಸ್ 100 ಭಾಗವೂ ಇದೆ, ಕ್ಲಾಸ್ 1000 ಭಾಗವೂ ಇದೆ. ಕ್ಲಾಸ್ 100 ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಥವಾ ಅದಕ್ಕಿಂತ ದೊಡ್ಡ ಕಣಗಳು 100 ನ್ನು ಮೀರಬಾರದು. ನಮ್ಮ ಕೂದಲಿನ ದಪ್ಪ 70-80 ಮೈಕ್ರಾನ್. ನಾವು ಉಸಿರಾಡುವ ಮಾಮೂಲಿ ಗಾಳಿಯಲ್ಲಿ ಇಂಥ ಕಣಗಳು ಘನ ಅಡಿಗೆ ಲಕ್ಷಗಟ್ಟಲೆ ಇರುತ್ತವೆ. ಕ್ಲೀನ್‌ರೂಮಿನ ಗಾಳಿಯನ್ನು ಶುದ್ಧವಾಗಿಡಲು ಚಾವಣಿಯ ಹೆಪಾ ಫಿಲ್ಟರುಗಳಿಂದ (ಸಣ್ಣ ಧೂಳನ್ನೂ ಹಿಡಿಯುವ ಸೋಸುಕ) ಗಾಳಿ ಹಗಲೂ ರಾತ್ರಿ ಕೆಳಗೆ ಬೀಳುತ್ತಲೇ ಇರಬೇಕು. ಯಾರೂ ಕೆಲಸ ಮಾಡದಿದ್ದರೂ ನಿಲ್ಲಿಸುವ ಹಾಗಿಲ್ಲ. ಉಷ್ಣಾಂಶ, ತೇವಾಂಶ ಎರಡೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ವೇಫರಿನ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ಮೇಲೆ ಹಚ್ಚಿದ ಫೋಟೋರೆಸಿಸ್ಟ್ ಅನ್ನೋ ದ್ರವ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಆಡುತ್ತದೆ. ಅಯಾನುಗಳೇ (ನೀರಿನಲ್ಲಿ ಕರಗಿದ ಲವಣಗಳ ವಿದ್ಯುತ್ ತುಂಬಿದ ಕಣಗಳು) ಇಲ್ಲದ ನೀರು ಬೇಕು. ವಿಷಾನಿಲ ಸೋರಿದರೆ ಕೂಗುವ ಅಲಾರಂ ಬೇಕು. ಸೈಲೇನ್ ಅನ್ನೋ ಅನಿಲ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೇಲೆ ಬಿದ್ದರೆ ಕೆಲವು ಸಲ ಆ ಕ್ಷಣಕ್ಕೆ ಉರಿಯೇ ಗೊತ್ತಾಗುವುದಿಲ್ಲ, ಆದರೆ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೈಗೆ ಸಿಗುವ ಹಾಗೆ ಇಟ್ಟಿರುತ್ತಾರೆ.

ಇದನ್ನು ಜಿಲ್ಲೆಗೊಂದು ಕಟ್ಟುವುದು ಆಗದ ಮಾತು. ಕಟ್ಟಿದರೂ ನಡೆಸುವುದು ಆಗದು. ನಿಮ್ಮ ಎಕ್ಸ್‌ಆರ್‌ಡಿ ಯಾಕೆ ಮೂಲೆ ಸೇರಿತು ಸರ್? ಕೊಳ್ಳಲು ಒಂದು ಸಲ ದುಡ್ಡು ಬಂತು, ನೋಡಿಕೊಳ್ಳುವ ಮನುಷ್ಯನಿಗೆ ಸಂಬಳ ಬರಲಿಲ್ಲ. ದೊಡ್ಡ ಕೇಂದ್ರದಲ್ಲಿ ಯಂತ್ರಕ್ಕೆ ಒಬ್ಬ ಜವಾಬ್ದಾರಿ ಮನುಷ್ಯ ಇರುತ್ತಾನೆ. ಯಂತ್ರದ ಜ್ವರ, ಕೆಮ್ಮು ಎಲ್ಲಾ ಅವನಿಗೆ ಗೊತ್ತು. ಪೇಪರಿನಲ್ಲಿ ಅವನ ಹೆಸರು ಎಷ್ಟೋ ಸಲ ಕೊನೆಯ ಧನ್ಯವಾದದ ಸಾಲಿನಲ್ಲೂ ಬರುವುದಿಲ್ಲ. ಇದು ನನಗೆ ಬಹಳ ನೋವಿನ ವಿಷಯ. ಪ್ರೊಫೆಸರ್ ಹುದ್ದೆ ಎಷ್ಟು ಮುಖ್ಯವೋ ಈ ಹುದ್ದೆಯೂ ಅಷ್ಟೇ ಮುಖ್ಯ. ಅವನು ಬಿಟ್ಟು ಹೋದರೆ ಕೋಟಿ ಬೆಲೆಯ ಯಂತ್ರ ಸುಮ್ನೆ ನಿಲ್ಲುತ್ತದೆ.

ಬಿ.ಎಸ್ಸಿ ಎರಡನೇ ವರ್ಷ

ಸರ್, ಅಲ್ಲಿ ಹಳದಿ ದೀಪ ಯಾಕೆ ಹಾಕಿರುತ್ತಾರೆ? ನಿಮ್ಮ ಹೆಸರೂ ಅದೇ ಇದೆ, ಅದಕ್ಕೇ ಕೇಳಿದೆ. ಇನ್ನೊಂದು, ಒಳಗೆ ಹೋಗುವಾಗ ಏನೇನು ಬಿಡಬೇಕು?

ಹಳದಿ ದೀಪ

ತಮ್ಮಾ, ಫೋಟೋರೆಸಿಸ್ಟ್ ಅಂದರೆ ಬೆಳಕು ಬಿದ್ದ ಕಡೆ ಗುಣ ಬದಲಾಗುವ ದ್ರವ. ಅದಕ್ಕೆ ನೇರಳಾತೀತ ಮತ್ತು ನೀಲಿ ಬೆಳಕು ತಾಗಬಾರದು. ಹಳದಿ ಬೆಳಕಿಗೆ ಅದು ಮಿಸುಕುವುದಿಲ್ಲ. ಅದಕ್ಕೇ ಲಿಥೋಗ್ರಫಿ (ಬೆಳಕಿನಿಂದ ವೇಫರಿನ ಮೇಲೆ ವಿನ್ಯಾಸ ಮೂಡಿಸುವ ಕೆಲಸ) ಮಾಡುವ ಕೋಣೆ ಪೂರ್ತಿ ಹಳದಿ.

ಬಿಡಬೇಕಾದ್ದು ಬಹಳ ಇದೆ. ಮುಖಕ್ಕೆ ಪೌಡರ್ ಹಾಕಿದ್ದರೆ ತೊಳೆದುಕೊಂಡು ಬರಬೇಕು. ವಿಭೂತಿ, ಕುಂಕುಮದ ಪುಡಿ, ಮುಡಿದ ಹೂ, ಇವೆಲ್ಲ ಕಣ ಉದುರಿಸುತ್ತವೆ. ಸೀಸದ ಪೆನ್ಸಿಲ್ ಬೇಡ, ಮಾಮೂಲಿ ಕಾಗದವೂ ಬೇಡ, ಅದರಿಂದ ನಾರು ಏಳುತ್ತದೆ. ಸಿಗರೇಟ್ ಸೇದಿ ತಕ್ಷಣ ಬರುವಂತಿಲ್ಲ, ಸ್ವಲ್ಪ ಹೊತ್ತು ಉಸಿರಿನ ಜೊತೆ ಕಣಗಳು ಬರುತ್ತಲೇ ಇರುತ್ತವೆ. ಗ್ಲೌಸ್ ಇಲ್ಲದೆ ಏನನ್ನೂ ಮುಟ್ಟುವಂತಿಲ್ಲ. ಬೆವರಿನಲ್ಲಿ ಉಪ್ಪಿದೆ, ಉಪ್ಪಿನಲ್ಲಿ ಸೋಡಿಯಂ ಇದೆ. 1960 ರ ದಶಕದಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರುಗಳು (ಚಿಪ್ಪಿನೊಳಗೆ ಕರೆಂಟನ್ನು ಹಿಡಿತದಲ್ಲಿಡುವ ಸ್ವಿಚ್) ಯಾಕೆ ಒಂದೇ ಥರ ಕೆಲಸ ಮಾಡುತ್ತಿಲ್ಲ ಅಂತ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದರು. ಆಕ್ಸೈಡ್ ಪದರದೊಳಗೆ ಸೇರಿಕೊಂಡು ಆ ಕಡೆ ಈ ಕಡೆ ಸರಿಯುತ್ತಿದ್ದ ಸೋಡಿಯಂ ಅದರ ದೊಡ್ಡ ಕಾರಣ ಅಂತ ಕೊನೆಗೆ ಗೊತ್ತಾಯಿತು.

ಚಿನ್ನದ ವಿಷಯದಲ್ಲೂ ಹಾಗೇ. ಸಿಲಿಕಾನ್ ಒಳಗೆ ಚಿನ್ನ ಬಹಳ ಬೇಗ ಹರಡುತ್ತದೆ, ಟ್ರಾನ್ಸಿಸ್ಟರನ್ನು ಹಾಳು ಮಾಡುತ್ತದೆ. ಅದಕ್ಕೇ ಚಿನ್ನ ಹಚ್ಚಿದ ವೇಫರನ್ನು ಶುದ್ಧ ಸಿಲಿಕಾನ್ ಕೆಲಸದ ಫರ್ನೇಸಿಗೆ ಹಾಕಲು ಬಿಡುವುದಿಲ್ಲ. ಬೀಕರ್, ಚಿಮಟ ಕೂಡ ಬೇರೆ ಬೇರೆ. ಹತ್ತು ವಿಭಾಗದವರು ಒಂದೇ ಅಡುಗೆಮನೆ ಬಳಸುವಾಗ ಇಂಥ ಮಡಿ ಇಟ್ಟುಕೊಳ್ಳಲೇಬೇಕು ಅಲ್ವಾ? ಒಬ್ಬರು ನಿಯಮ ಮುರಿದರೆ ಎಲ್ಲರ ವಾರಗಟ್ಟಲೆ ಕೆಲಸ ಹೋಗುತ್ತದೆ.

ಇಥಾಕಾ ಕನ್ನಡಿಗ

ನಾನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಊರಿನಲ್ಲಿದ್ದೇನೆ. ಹಂಚಿಕೊಂಡು ಬಳಸುವ ಈ ಪದ್ಧತಿಗೆ ಇಲ್ಲಿ ಹಳೆಯ ಬೇರಿದೆ. 1977 ರಲ್ಲಿ ಅವರ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕಾರ್ನೆಲ್‌ನಲ್ಲಿ ಮೈಕ್ರಾನಿಗಿಂತ ಸಣ್ಣ ರಚನೆಗಳ ಕೇಂದ್ರ ಶುರು ಮಾಡಿತು. ಆಗ ನ್ಯಾನೋ ಅನ್ನೋ ಹೆಸರು ಈಗಿನಷ್ಟು ಬಳಕೆಯಲ್ಲಿರಲಿಲ್ಲ. ಹೊರಗಿನವರೂ ಬಂದು ಬಳಸಬೇಕು ಅನ್ನೋದು ಮೊದಲಿನಿಂದಲೇ ಇತ್ತು. ಆಮೇಲೆ ಅದು ಹಲವು ವಿಶ್ವವಿದ್ಯಾಲಯಗಳ ಜಾಲ ಆಯಿತು. 2015 ರಲ್ಲಿ 16 ಜಾಗಗಳ ಹೊಸ ಜಾಲಕ್ಕೆ ಹಣ ಕೊಟ್ಟರು.

ಇಲ್ಲಿ ನಾನು ನೋಡಿದ್ದು ಏನೆಂದರೆ, ಯಂತ್ರಕ್ಕಿಂತ ಮುಖ್ಯ ಆಗುವುದು ಗೌನ್ ಬಿಚ್ಚಿ ಹೊರಗೆ ಬಂದ ಮೇಲೆ ನಡೆಯುವ ಮಾತು. ಸಸ್ಯಶಾಸ್ತ್ರದವರೊಬ್ಬರು ಎಲೆಯ ರಸ ಹರಿಯುವ ದಾರಿಯನ್ನು ಸಿಲಿಕಾನಿನಲ್ಲಿ ಕೊರೆಯಲು ಬಂದಿರುತ್ತಾರೆ. ಪಕ್ಕದಲ್ಲಿ ಲೇಸರ್ ಮಾಡುವವರು ಕೂತಿರುತ್ತಾರೆ. ಒಬ್ಬರಿಗೆ ವರ್ಷದಿಂದ ಬಗೆಹರಿಯದ್ದು ಇನ್ನೊಬ್ಬರಿಗೆ ದಿನನಿತ್ಯದ ಕೆಲಸ ಆಗಿರುತ್ತದೆ. ಬೇರೆ ಬೇರೆ ಶಾಸ್ತ್ರದವರನ್ನು ಒಂದೇ ಕಡೆ ಸೇರಿಸುವುದರ ಲಾಭ ಅಂದರೆ ಇದೇ.

ಬಯಲುಸೀಮೆ ಕೆಮಿಸ್ಟ್

ಅಮೆರಿಕದ್ದು ಬಿಡಿ. ಬೆಂಗಳೂರಿನ ಕೇಂದ್ರದಿಂದ ಜನರ ಕೈಗೆ ಏನು ಬಂದಿದೆ ಹೇಳಿ. ಪೇಪರ್ ಲೆಕ್ಕ ಬೇಡ.

ಹಳೆ ಯೂಸರ್

ನ್ಯಾಯವಾದ ಪ್ರಶ್ನೆ. ನನಗೆ ತಿಳಿದ ಮೂರು ಹೇಳುತ್ತೇನೆ.

ಪ್ರೊ. ನವಕಾಂತ ಭಟ್ ಅವರು ಅಲ್ಲಿಯವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಇ. ಮಾಡಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದವರು. 2018 ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಗಾಳಿಯಲ್ಲಿನ ಅನಿಲ ಅಳೆಯುವ ಸೆನ್ಸರ್, ರಕ್ತ ಪರೀಕ್ಷೆಯ ಸೆನ್ಸರ್ ಎರಡೂ ಮಾಡಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಹಲವು ಪರೀಕ್ಷೆಗಳನ್ನು ಕೈಯಲ್ಲಿ ಹಿಡಿಯುವ ಒಂದೇ ಸಾಧನದಲ್ಲಿ ಮಾಡುವ ಪಾಥ್‌ಶೋಧ್ ಅನ್ನೋ ಕಂಪನಿ ಅಲ್ಲಿಂದಲೇ ಹುಟ್ಟಿತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಕೂಡ ಅದರಲ್ಲಿ ಸೇರಿದೆ.

ಎರಡನೆಯದು ಪ್ರೊ. ಅಂಬರೀಶ್ ಘೋಷ್ ಅವರ ತಂಡದ್ದು. ಇದು ನನಗೆ ಬಹಳ ಇಷ್ಟ. ರೂಟ್ ಕೆನಾಲ್ ಮಾಡಿಸಿಕೊಂಡ ಹಲ್ಲು ಕೆಲವರಿಗೆ ಮತ್ತೆ ನೋಯುತ್ತದೆ ಅಲ್ವಾ? ಹಲ್ಲಿನ ಒಳಗೆ ಬಹಳ ಸಣ್ಣ ಕೊಳವೆಗಳಿವೆ. ಅಲ್ಲಿ ಅಡಗಿದ ಬ್ಯಾಕ್ಟೀರಿಯಾವನ್ನು ಔಷಧಿ ಮುಟ್ಟುವುದಿಲ್ಲ. ಇವರು ಸಿಲಿಕಾನ್ ಡೈಆಕ್ಸೈಡಿನಿಂದ ತಿರುಪು ಮೊಳೆ ಆಕಾರದ ನ್ಯಾನೋ ರೋಬೋಟ್ ಮಾಡಿದರು, ಮೇಲೆ ಕಬ್ಬಿಣ ಹಚ್ಚಿದರು. ಹೊರಗೆ ಆಯಸ್ಕಾಂತದ ಕ್ಷೇತ್ರವನ್ನು ತಿರುಗಿಸಿದರೆ ಒಳಗೆ ಇವು ತಿರುಗುತ್ತಾ ಮುಂದೆ ಹೋಗುತ್ತವೆ. ಕಿತ್ತ ಹಲ್ಲುಗಳಲ್ಲಿ ಸುಮಾರು 2 ಮಿಲಿಮೀಟರ್ ಆಳಕ್ಕೆ ಇಳಿದವು. ಆಮೇಲೆ ಕ್ಷೇತ್ರದ ಆವರ್ತನ ಬದಲಾಯಿಸಿ ಅವುಗಳ ಮೈ ಬಿಸಿ ಮಾಡಿದರೆ ಸುತ್ತಲಿನ ಬ್ಯಾಕ್ಟೀರಿಯಾ ಸಾಯುತ್ತದೆ. 2022 ರಲ್ಲಿ ಇದು ಪ್ರಕಟವಾಯಿತು. ಥೆರಾನಾಟಿಲಸ್ ಅನ್ನೋ ಕಂಪನಿ ಇದನ್ನು ಮುಂದುವರಿಸುತ್ತಿದೆ. ಈ ಕೆಲಸದಲ್ಲಿ ಭೌತಶಾಸ್ತ್ರ ಇದೆ, ತೆಳು ಪದರ ಬೆಳೆಸುವ ವಿದ್ಯೆ ಇದೆ, ಸೂಕ್ಷ್ಮಜೀವಿ ಶಾಸ್ತ್ರ ಇದೆ, ಹಲ್ಲಿನ ಡಾಕ್ಟರ ಅನುಭವ ಬೇಕು. ಒಂದೇ ವಿಭಾಗದೊಳಗೆ ಕೂತವರು ಇದನ್ನು ಯೋಚಿಸುವುದೇ ಕಷ್ಟ.

ಮೂರನೆಯದು ಗ್ಯಾಲಿಯಂ ನೈಟ್ರೈಡ್ ಅನ್ನೋ ಚಿಪ್ ಮಾಡುವ ವಸ್ತು. ಸಿಲಿಕಾನ್‌ಗಿಂತ ಜಾಸ್ತಿ ವೋಲ್ಟೇಜ್ ತಡೆಯುತ್ತದೆ. ಫೋನಿನ ಫಾಸ್ಟ್ ಚಾರ್ಜರಿನಿಂದ ರಾಡಾರ್ ತನಕ ಬಳಕೆ. ಅಗ್ನಿಟ್ ಅನ್ನೋ ಕಂಪನಿ ಐಐಎಸ್ಸಿಯ ಆ ಕೆಲಸದಿಂದ ಬಂದದ್ದು.

ಬಯಲುಸೀಮೆ ಕೆಮಿಸ್ಟ್

ಹಲ್ಲಿನ ಕೆಲಸ ನಿಜವಾಗಿಯೂ ಚೆನ್ನಾಗಿದೆ. ಒಪ್ಪಿದೆ. ಆದರೂ ನನ್ನ ಮಾತು ಬಿಡುವುದಿಲ್ಲ. ಕೇಂದ್ರ ಬೆಂಗಳೂರಿನಲ್ಲೇ ಇರಲಿ, ಆದರೆ ಜಿಲ್ಲೆಯ ಮಕ್ಕಳು ಅಲ್ಲಿ ಹೋಗಿ ಬರಲು, ಉಳಿದುಕೊಳ್ಳಲು ಕಾಲೇಜುಗಳು ದುಡ್ಡು ತೆಗೆದಿಡಬೇಕು. ಮೇಷ್ಟ್ರಿಗೆ ರಜೆ ಕೊಡಬೇಕು. ಕಾರ್ಯಾಗಾರಕ್ಕೆ ಹೋಗುತ್ತೇನೆ ಅಂದರೆ "ಪಾಠ ಯಾರು ಮಾಡುತ್ತಾರೆ" ಅಂತ ಕೇಳುವ ಕಡೆ ಯಾವ ಬಾಗಿಲು ತೆರೆದಿದ್ದರೆ ಏನು?

ಪಾವಗಡದ ಫಿಸಿಕ್ಸ್ ಮೇಡಂ

ಸರ್, ನೀವು ಹೇಳಿದ ಆ ಕೊನೆಯ ಸಾಲು ನಮ್ಮ ಸ್ಟಾಫ್ ರೂಮಿನ ಮಾತೇ. ಪ್ರಾಂಶುಪಾಲರ ಹತ್ತಿರ ಮಾತಾಡಲು ಇದನ್ನೇ ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ.

ಈಗ ಕೆಲಸದ ವಿಷಯ ಕೇಳಲೇ? ಫ್ಲೋರೈಡ್ ಚಿಪ್ ಆಗುವ ಮಾತಾ? ನಾನು ಓದಿದ ಮಟ್ಟಿಗೆ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ (ನೀರಿಗೆ ಅದ್ದಿ ವೋಲ್ಟೇಜ್ ನೋಡುವ ಕಡ್ಡಿ) 1966 ರಿಂದಲೂ ಇದೆ. ಪ್ರಯೋಗಾಲಯಗಳಲ್ಲಿ ಫ್ಲೋರೈಡ್ ಅಳೆಯಲು ಅದನ್ನು ಬಳಸುತ್ತಾರೆ. ಅದನ್ನೇ ಚಿಪ್ಪಿನ ಮೇಲೆ ತೆಳು ಪದರ ಮಾಡಿ ಕೂರಿಸಿದರೆ?

ಹಳದಿ ದೀಪ

ಮೇಡಂ, ಸರಿಯಾದ ದಾರಿಯಲ್ಲೇ ಇದ್ದೀರಿ. 1970 ರಲ್ಲಿ ನೆದರ್ಲೆಂಡ್ಸ್‌ನ ಬರ್ಗ್‌ವೆಲ್ಡ್ ಅನ್ನೋರು ಒಂದು ಟ್ರಾನ್ಸಿಸ್ಟರ್ ಮಾಡಿದರು. ಗೇಟಿನ (ಟ್ರಾನ್ಸಿಸ್ಟರಿನ ಕರೆಂಟನ್ನು ನಿಯಂತ್ರಿಸುವ ಭಾಗ) ಲೋಹ ತೆಗೆದು ಆ ಜಾಗದಲ್ಲಿ ನೇರ ದ್ರವ ತಾಗುವ ಹಾಗೆ. ದ್ರವದಲ್ಲಿನ ಅಯಾನುಗಳಿಗೆ ತಕ್ಕಂತೆ ಕರೆಂಟ್ ಬದಲಾಗುತ್ತದೆ. ಅದಕ್ಕೆ ಇಸ್‌ಫೆಟ್ ಅನ್ನುತ್ತಾರೆ. ಆ ಗೇಟಿನ ಮೇಲೆ ಲ್ಯಾಂಥನಮ್ ಫ್ಲೋರೈಡ್ ಪದರ ಹಾಕಿ ಫ್ಲೋರೈಡ್ ಅಳೆಯುವ ಪ್ರಯತ್ನಗಳು ಪ್ರಪಂಚದಲ್ಲಿ ಆಗಿವೆ. ಅಂದರೆ ಮೂಲ ತತ್ವ ಕೆಲಸ ಮಾಡುತ್ತದೆ. ನಿಮ್ಮ ಹುಡುಗನ ಕೆಲಸ ಅದನ್ನು ಪಾವಗಡದ ನೀರಿನಲ್ಲಿ, ಘಟಕದ ನಲ್ಲಿಯ ಪಕ್ಕದಲ್ಲಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವ ಹಾಗೆ ಮಾಡುವುದು. ಕಷ್ಟ ಇರುವುದು ಅಲ್ಲಿ.

ಒಂದು ಲೆಕ್ಕ ನೋಡಿ. ಕುಡಿಯುವ ನೀರಿಗೆ ನಮ್ಮ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ರ ತನಕ. ಇಂಥ ಎಲೆಕ್ಟ್ರೋಡಿನಲ್ಲಿ ಸಾಂದ್ರತೆ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ, ಅದೂ 25 ಡಿಗ್ರಿಯಲ್ಲಿ. ಹಾಗಾದರೆ 1 ರಿಂದ 1.5 ಕ್ಕೆ ಏರಿದಾಗ ಸಿಗುವ ಬದಲಾವಣೆ ಸುಮಾರು 10 ಮಿಲಿವೋಲ್ಟ್ ಮಾತ್ರ. ನೀರು ಒಳ್ಳೆಯದಾ ಕೆಟ್ಟದ್ದಾ ಅನ್ನೋದು ಆ ಹತ್ತರ ಒಳಗೇ ತೀರ್ಮಾನ ಆಗಬೇಕು. ಇಸ್‌ಫೆಟ್‌ಗಳಿಗೆ ಸುಮ್ಮನೆ ಇಟ್ಟರೂ ನಿಧಾನಕ್ಕೆ ಸರಿಯುವ ಚಾಳಿ ಇದೆ. ಡ್ರಿಫ್ಟ್ ಅನ್ನುತ್ತೇವೆ. ಅದು ನಿಮ್ಮ ಹತ್ತು ಮಿಲಿವೋಲ್ಟನ್ನೇ ನುಂಗಿಬಿಡಬಹುದು. ಬೇಸಿಗೆಯಲ್ಲಿ ನಿಮ್ಮ ಕಡೆ ಬಿಸಿಲು ಏರಿದಾಗ ಉಷ್ಣಾಂಶದ ಲೆಕ್ಕ ಬೇರೆ.

ಎರಡನೆಯದು, ಹೋಲಿಸಿ ನೋಡಲು ಇನ್ನೊಂದು ಎಲೆಕ್ಟ್ರೋಡ್ ಬೇಕು, ರೆಫರೆನ್ಸ್. ಎಲ್ಲರೂ ಸೆನ್ಸರ್ ಸಣ್ಣದು ಮಾಡಿ ಖುಷಿ ಪಡುತ್ತಾರೆ. ರೆಫರೆನ್ಸ್ ಎಲೆಕ್ಟ್ರೋಡನ್ನು ಸಣ್ಣದು ಮಾಡಿ ಬಹಳ ಕಾಲ ಬದುಕಿಸುವುದು ಅದಕ್ಕಿಂತ ದೊಡ್ಡ ತಲೆನೋವು. ಎಷ್ಟೋ ಒಳ್ಳೆಯ ಸೆನ್ಸರುಗಳು ಲ್ಯಾಬಿನಿಂದ ಹೊರಗೆ ಬರದೆ ಉಳಿದದ್ದು ಇದರಿಂದಲೇ.

ಬಯಲುಸೀಮೆ ಕೆಮಿಸ್ಟ್

ಕೆಮಿಸ್ಟ್ರಿ ನಾನು ಸೇರಿಸುತ್ತೇನೆ ಮೇಡಂ. ಲ್ಯಾಂಥನಮ್ ಫ್ಲೋರೈಡಿಗೆ ಹೈಡ್ರಾಕ್ಸೈಡ್ ಅಯಾನು (ಕ್ಷಾರೀಯ ನೀರಿನಲ್ಲಿ ಜಾಸ್ತಿ ಇರುತ್ತದೆ) ಫ್ಲೋರೈಡಿನಂತೆಯೇ ಕಾಣುತ್ತದೆ, ಎರಡರ ಗಾತ್ರವೂ ಹತ್ತಿರ ಹತ್ತಿರ. ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 8 ದಾಟಿದರೆ ಫ್ಲೋರೈಡ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಿಮ್ಮ ಕಡೆ ಬೋರ್‌ವೆಲ್ ನೀರು ಕ್ಷಾರೀಯ ಇದ್ದರೆ ಎಚ್ಚರ. ಅಲ್ಯುಮಿನಿಯಂ, ಕಬ್ಬಿಣ ಇದ್ದರೆ ಅವು ಫ್ಲೋರೈಡನ್ನು ಹಿಡಿದುಕೊಳ್ಳುತ್ತವೆ, ಆಗ ಕಡಿಮೆ ತೋರಿಸುತ್ತದೆ. ಇದಕ್ಕೇ ಲ್ಯಾಬಿನಲ್ಲಿ ಅಳೆಯುವ ಮೊದಲು ಟಿಸಾಬ್ ಅನ್ನೋ ಬಫರ್ ಸೇರಿಸುತ್ತೇವೆ. ಅದು ಪಿಎಚ್ ಸರಿಯಾಗಿಡುತ್ತದೆ, ಲೋಹಗಳಿಂದ ಫ್ಲೋರೈಡನ್ನು ಬಿಡಿಸುತ್ತದೆ. ಊರಿನ ಘಟಕದಲ್ಲಿ ಪ್ರತಿ ಸಲ ಬಫರ್ ಯಾರು ಹಾಕುತ್ತಾರೆ? ಇದನ್ನು ಮೊದಲೇ ಯೋಚಿಸಿ. ಒಣಗಿಸಿದ ಬಫರನ್ನು ಒಂದು ಪಟ್ಟಿಯ ಮೇಲೆ ಹಚ್ಚಿ, ನೀರು ಅದರ ಮೂಲಕ ಹಾದು ಚಿಪ್ಪಿಗೆ ಬರುವ ಹಾಗೆ ಮಾಡಬಹುದಾ ಅಂತ ನೋಡಬೇಕು.

ಇಥಾಕಾ ಕನ್ನಡಿಗ

ನೋಡಿ, ಇದೇ ನಾನು ಹೇಳಿದ ಮಾತು. ಒಬ್ಬರು ಚಿಪ್ ಕಡೆಯಿಂದ, ಇನ್ನೊಬ್ಬರು ನೀರಿನ ಕಡೆಯಿಂದ ಬಂದರು.

ಘಟಕ ನೋಡಿಕೊಳ್ಳುವವನು

ನಾನು ವಿಜ್ಞಾನ ಓದಿದವನಲ್ಲ. ನಮ್ಮ ಊರಿನ ನೀರಿನ ಘಟಕದ ಉಸ್ತುವಾರಿ ನನ್ನದು. ಒಂದು ಮಾತು ಹೇಳಬೇಕು ಅನ್ನಿಸಿತು. ನಮಗೆ ಮಿಲಿಗ್ರಾಂ ಲೆಕ್ಕ ಬೇಡ. ಹಸಿರು ದೀಪ ಬಂದರೆ ಕುಡಿಯಬಹುದು, ಕೆಂಪು ಬಂದರೆ ಮೆಂಬ್ರೇನ್ ಬದಲಾಯಿಸಿ ಅಂತ ಗೊತ್ತಾದರೆ ಸಾಕು. ಈಗ ಸ್ಯಾಂಪಲ್ ಕಳಿಸಿದರೆ ವರದಿ ಬರುವಷ್ಟರಲ್ಲಿ ಜನ ಅದೇ ನೀರು ಕುಡಿದು ಮುಗಿಸಿರುತ್ತಾರೆ. ಕೆಂಪು ದೀಪ ಊರಿನವರ ಕಣ್ಣಿಗೂ ಕಂಡರೆ ಕಂಪನಿಯವರೂ ಬೇಗ ಬರುತ್ತಾರೆ. ಇನ್ನೊಂದು, ಕರೆಂಟು ಹೋಗಿ ಬಂದು ಮಾಡುತ್ತದೆ. ಅದಕ್ಕೂ ತಡೆಯಬೇಕು.

ಹಳದಿ ದೀಪ

ಅಣ್ಣಾ, ನಿಮ್ಮ ಮಾತು ಬಹಳ ಬೆಲೆಯದ್ದು. ಹೌದು ಅಥವಾ ಇಲ್ಲ ಅಂತ ಹೇಳುವ ಸಾಧನ ಮಾಡುವುದು, ನಿಖರ ಅಂಕಿ ಹೇಳುವ ಸಾಧನ ಮಾಡುವುದಕ್ಕಿಂತ ಸುಲಭ. ಹತ್ತಿರದಲ್ಲೇ 1 ಮಿಲಿಗ್ರಾಂನ ಗೊತ್ತಿರುವ ದ್ರಾವಣ ಇಟ್ಟು, ಚಿಪ್ ಪ್ರತಿ ಸಲ ಮೊದಲು ಅದನ್ನು ಮುಟ್ಟಿ ಆಮೇಲೆ ನಲ್ಲಿ ನೀರು ಮುಟ್ಟಿದರೆ ಸಾಕು. ಎರಡರ ವ್ಯತ್ಯಾಸ ನೋಡಬಹುದು. ನಿಧಾನಕ್ಕೆ ಸರಿಯುವ ಡ್ರಿಫ್ಟ್ ಎರಡರಲ್ಲೂ ಒಂದೇ ಇರುತ್ತದೆ, ಕಳೆದು ಹೋಗುತ್ತದೆ. ಮೇಡಂ, ಇದನ್ನು ಪ್ರಸ್ತಾವದಲ್ಲಿ ಬರೆಯಿರಿ. ಘಟಕ ನಡೆಸುವವರಿಗೆ ಏನು ಬೇಕು ಅಂತ ಕೇಳಿಕೊಂಡು ಬಂದ ಪ್ರಸ್ತಾವ ಬಹಳ ಅಪರೂಪ.

ಬಿ.ಎಸ್ಸಿ ಎರಡನೇ ವರ್ಷ

ಮೇಡಂ, ನಮ್ಮ ಊರು ಮಧುಗಿರಿ ಹತ್ತಿರ. ನಮ್ಮ ಕಡೆಯ ನೀರು ನಾನು ತಂದು ಕೊಡಬಹುದಾ? ನನಗೂ ಈ ಕೆಲಸ ಕಲಿಯಬೇಕು.

ಹಳೆ ಯೂಸರ್

ಒಂದು ಸಲಹೆ. ಚಿಪ್ಪಿನ ಯೋಚನೆಗೆ ಮೊದಲು ನಿಮ್ಮ ನೀರಿನ ಲೆಕ್ಕ ಕೈಯಲ್ಲಿರಲಿ. ಎಲ್ಲಕ್ಕೂ ಬೆಂಗಳೂರಿಗೇ ಬರಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಅನ್ನೋ ಉಪಕರಣ ಸೌಲಭ್ಯ ಇದೆ, ಹೊರಗಿನವರ ಸ್ಯಾಂಪಲ್ ತೆಗೆದುಕೊಳ್ಳುತ್ತಾರೆ. ಮುಂದೆ ಪದರ ಬೆಳೆಸಿದ ಮೇಲೆ ಅದರ ರಚನೆ ನೋಡಲು ಇಂಥ ಕಡೆ ಕಳಿಸಬಹುದು. ಕ್ಲೀನ್‌ರೂಮ್ ಬೇಕಾಗುವುದು ಟ್ರಾನ್ಸಿಸ್ಟರ್ ಮಾಡುವಾಗ ಮಾತ್ರ. ನೀರಿನ ಫ್ಲೋರೈಡ್ ಅಳೆಯಲು ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಒಂದು ಅಯಾನ್ ಮೀಟರ್ ಸಾಕು. ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಕೇಳಿ ನೋಡಿ.

ಪಾವಗಡದ ಫಿಸಿಕ್ಸ್ ಮೇಡಂ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಜನ ಕೈ ಕೊಡುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹೀಗೆ ಮಾಡುತ್ತೇನೆ. ನಾನೂ ನನ್ನ ವಿದ್ಯಾರ್ಥಿಯೂ ಐಎನ್‌ಯುಪಿಯ ಮುಂದಿನ ಪರಿಚಯ ಕಾರ್ಯಾಗಾರಕ್ಕೆ ಅರ್ಜಿ ಹಾಕುತ್ತೇವೆ. ಅದರೊಳಗೆ ಸುತ್ತಲಿನ ಊರುಗಳ ಘಟಕಗಳ ನೀರು, ಬೋರ್‌ವೆಲ್ ನೀರು ಎರಡನ್ನೂ ತಂದು ಫ್ಲೋರೈಡ್, ಪಿಎಚ್, ಕಬ್ಬಿಣ ಅಳೆದು ಪಟ್ಟಿ ಮಾಡಿಡುತ್ತೇವೆ. ಮಧುಗಿರಿ ಹುಡುಗನೇ, ನೀನು ಖಂಡಿತ ಬಾ. ಬಯಲುಸೀಮೆ ಸರ್, ಬಫರ್ ಪಟ್ಟಿಯ ಕೆಲಸ ನಿಮ್ಮ ಲ್ಯಾಬಿನಲ್ಲಿ ಆಗುತ್ತದಾ? ಪ್ರಸ್ತಾವದಲ್ಲಿ ನಿಮ್ಮ ಹೆಸರೂ ಇರಬೇಕು ಅಂತ ನನ್ನ ಆಸೆ.

ಬಯಲುಸೀಮೆ ಕೆಮಿಸ್ಟ್

ಆಗುತ್ತದೆ ಮೇಡಂ. ಅದಕ್ಕೆ ಬೇಕಾದದ್ದು ಫಿಲ್ಟರ್ ಕಾಗದ, ತಕ್ಕಡಿ, ಪಿಎಚ್ ಮೀಟರ್. ಅಷ್ಟು ನಮ್ಮಲ್ಲಿ ಇದೆ. ಪ್ರಸ್ತಾವದ ಕರಡು ಕಳಿಸಿ, ಕೆಮಿಸ್ಟ್ರಿ ಭಾಗ ನಾನು ಬರೆಯುತ್ತೇನೆ.

ಹಳದಿ ದೀಪ

ನೀರು ತರುವವರಿಗೆ ಒಂದು ಮಾತು. ಗಾಜಿನ ಬಾಟಲಿ ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಪಾಲಿಥೀನ್ ಬಾಟಲಿ ತೆಗೆದುಕೊಳ್ಳಿ, ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ಆಮೇಲೆ ತುಂಬಿ. ಮೇಲೆ ಊರು, ದಿನಾಂಕ, ಘಟಕದ ನೀರಾ ಬೋರ್‌ವೆಲ್ ನೀರಾ, ಮೆಂಬ್ರೇನ್ ಯಾವಾಗ ಬದಲಾಯಿಸಿದ್ದು, ಇಷ್ಟನ್ನೂ ಅಲ್ಲೇ ನಿಂತು ಬರೆದುಬಿಡಿ.